ಅಕ್ಕ ಪರೀಕ್ಷೆಗೆ ಹೋಗದ ಶನಿವಾರ

ನಾನು ಚಿಕ್ಕವನಿದ್ದಾಗ ಪೀಣ್ಯದ ಗಾಳಿಗೆ ಎರಡು ವಾಸನೆ ಇತ್ತು. ಒಂದು, ತುಮಕೂರು ರಸ್ತೆಯಾಚೆಗಿನ ನೀಲಗಿರಿ ತೋಪಿನದು. ಇನ್ನೊಂದು, ಹೊಸದಾಗಿ ಏಳುತ್ತಿದ್ದ ಕಾರ್ಖಾನೆಗಳಲ್ಲಿ ಕಬ್ಬಿಣ ಕೊರೆಯುವಾಗ ಸುರಿಯುವ ಎಣ್ಣೆಯದು. ನಮ್ಮ ಅಂಗಡಿಯೊಳಗೆ ಕಾಲಿಟ್ಟರೆ ಇವೆರಡನ್ನೂ ಮುಚ್ಚಿಹಾಕುವಂತೆ ಮೈದಾ ಅಂಟಿನ ವಾಸನೆ ಬರುತ್ತಿತ್ತು. ಹುಳು ಹಿಡಿಯದಿರಲೆಂದು ಅಪ್ಪ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸುತ್ತಿದ್ದ. ಅಂಟು ತಿಳಿನೀಲಿ ಬಣ್ಣಕ್ಕೆ ತಿರುಗುತ್ತಿತ್ತು. ಹಸಿದಾಗ ಅದು ನನ್ನ ಕಣ್ಣಿಗೆ ಗಂಜಿಯ ಹಾಗೆ ಕಾಣುತ್ತಿತ್ತು. "ವಿಷ ಕಣೋ ಅದು, ಬೆರಳು ಅದ್ದಿ ನೆಕ್ಕೀಯ" ಎಂದು ಅಕ್ಕ ದಿನವೂ ಎಚ್ಚರಿಸುತ್ತಿದ್ದಳು.

ಅಪ್ಪ ಮೊದಲು ಪೇಟೆಯಲ್ಲಿ ಪುಸ್ತಕ ಬೈಂಡಿಂಗ್ ಮಾಡುತ್ತಿದ್ದವನು. ಕೆಲಸಕ್ಕೆ ಬಂದ ಪುಸ್ತಕಗಳನ್ನು ಹೊಲಿದು ಹೊಲಿದು ಅವುಗಳ ಮೇಲೆ ಪ್ರೀತಿ ಹುಟ್ಟಿತಂತೆ. ಬಾಗಲಗುಂಟೆಯಲ್ಲಿ ನಮ್ಮ ಮನೆ, ಅಲ್ಲಿಂದ ನಡೆದು ಬರುವಷ್ಟು ದೂರದಲ್ಲಿ, ಕಾರ್ಖಾನೆಗಳ ರಸ್ತೆ ಶುರುವಾಗುವ ಮೂಲೆಯಲ್ಲಿ, ಅವನು ತೆರೆದ, ತಗಡಿನ ಸೂರಿನ ಈ ಪುಸ್ತಕದ ಅಂಗಡಿ. ಅಮ್ಮ ನಾನು ಹಾಲು ಕುಡಿಯುವ ಕೂಸಾಗಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪ, ಅಕ್ಕ, ನಾನು, ಮೂವರೂ ಸೇರಿಯೇ ಅಂಗಡಿ ನಡೆಸಬೇಕಿತ್ತು.

ಅಲ್ಲಿ ಕಥೆ ಪುಸ್ತಕ ಸಿಗುತ್ತಿರಲಿಲ್ಲ. ಯಂತ್ರ, ಲೋಹ, ವಿದ್ಯುತ್ತು, ಗಣಿತ, ಇಂಥ ಗಟ್ಟಿ ಓದಿನ ಹಳೆಯ ಪುಸ್ತಕಗಳೇ ಗೋಡೆ ತುಂಬ. ಅವನ್ನು ಬಾಡಿಗೆಗೆ ಒಯ್ದು ಓದುತ್ತಿದ್ದವರು ಕಾರ್ಖಾನೆಯ ಕೆಲಸಗಾರರು. ಹಗಲು ಯಂತ್ರದ ಮುಂದೆ ನಿಂತು, ಉಳಿದ ಹೊತ್ತಿನಲ್ಲಿ ಓದಿ ಡಿಪ್ಲೊಮಾ ಪರೀಕ್ಷೆಗೆ ಕೂರುತ್ತಿದ್ದರು. ಪುಸ್ತಕಗಳೋ ಇಟ್ಟಿಗೆಯಷ್ಟು ದಪ್ಪ, ಒಂದೊಂದೇ ಪ್ರತಿ, ಕೇಳುವವರು ಹತ್ತಾರು ಜನ. ಅದಕ್ಕೆ ಅಪ್ಪ ತನ್ನ ಕೈಕಸುಬಿನಿಂದಲೇ ಒಂದು ದಾರಿ ಹುಡುಕಿದ್ದ. ದಪ್ಪ ಪುಸ್ತಕದ ಹೊಲಿಗೆ ಬಿಚ್ಚಿ, ಅದನ್ನು ನಾಲ್ಕು ಪಾಲು ಮಾಡಿ, ಒಂದೊಂದನ್ನೂ ಬೇರೆ ಬೇರೆಯಾಗಿ ಬೈಂಡ್ ಮಾಡುತ್ತಿದ್ದ. ಮೊದಲ ಪಾಲಿನ ಬೆನ್ನಿಗೆ ಕೆಂಪು ನೂಲು, ಎರಡನೆಯದಕ್ಕೆ ಹಸಿರು, ಆಮೇಲೆ ಹಳದಿ, ಕೊನೆಯದಕ್ಕೆ ನೀಲಿ. ಕೆಂಪು ಓದಿ ಮುಗಿಸಿದವನು ಅದನ್ನು ತಂದುಕೊಟ್ಟು ಹಸಿರು ಒಯ್ಯುತ್ತಿದ್ದ, ಅವನು ಬಿಟ್ಟ ಕೆಂಪು ಇನ್ನೊಬ್ಬನ ಕೈಗೆ ಹೋಗುತ್ತಿತ್ತು. ಒಂದೇ ಪುಸ್ತಕವನ್ನು ನಾಲ್ಕು ಜನ ಒಟ್ಟಿಗೆ ಓದುತ್ತಿದ್ದರು. "ಹಸಿರು ಬಂತೇನಪ್ಪಾ?" ಎಂದು ಕೇಳುತ್ತಲೇ ಒಳಗೆ ಬರುತ್ತಿದ್ದರು. ಎಣ್ಣೆ ಕೈಯ ಗುರುತು ಬೀಳದ ಪುಟವೇ ಇರಲಿಲ್ಲ.

ಓದಿನಲ್ಲಿ ನಾನು ಹಿಂದೆ. ಇಂಗ್ಲಿಷ್ ಅಕ್ಷರವಂತೂ ಕಣ್ಣಿಗೆ ಇರುವೆಗಳ ಸಾಲು. ಆದರೆ ನೂಲಿನ ಬಣ್ಣ ಓದಲು ಶಾಲೆ ಬೇಕಿರಲಿಲ್ಲ. ಯಾವ ಮುಖಕ್ಕೆ ಯಾವ ಬಣ್ಣ ಸೇರಬೇಕು ಎಂಬುದು ಅಪ್ಪ ಮತ್ತು ಅಕ್ಕನ ಹಾಗೆ ನನಗೂ ಬಾಯಿಪಾಠವಾಗಿತ್ತು. ಆ ಶನಿವಾರ ಅಂಗಡಿಯನ್ನು ನನ್ನ ಕೈಗೆ ಬಿಡಬಹುದು ಎಂದು ಅವರಿಬ್ಬರೂ ನಂಬಿದ್ದು ಅದಕ್ಕೇ.

ಆ ದಿನ ಅಕ್ಕನಿಗೆ ಪಿ.ಯು.ಸಿ. ಭೌತಶಾಸ್ತ್ರದ ಪರೀಕ್ಷೆ. ಮಧ್ಯಾಹ್ನ ಎರಡು ಗಂಟೆಗೆ, ಮಲ್ಲೇಶ್ವರದಲ್ಲಿ. ಅದೊಂದು ಚೆನ್ನಾಗಿ ಬರೆದರೆ ಬಿ.ಎಸ್ಸಿ.ಗೆ ಸೀಟು, ಆಮೇಲೆ ಭೌತಶಾಸ್ತ್ರದ ಮೇಡಂ ಆಗುವುದು ಅವಳ ಆಸೆ. ಅಂಗಡಿಗೂ ಅದು ಗಡಿಬಿಡಿಯ ದಿನ. ಸೋಮವಾರ ಕೆಲಸಗಾರರ ಡಿಪ್ಲೊಮಾ ಪರೀಕ್ಷೆ ಶುರು. ಎರಡು ಗಂಟೆಯ ಸೈರನ್ನಿಗೆ ಮೊದಲು ಎರಡನೇ ಪಾಳಿಯವರು ಪಾಲು ತಂದುಕೊಡುತ್ತಾರೆ, ಸೈರನ್ ಆದ ಮೇಲೆ ಮೊದಲ ಪಾಳಿಯವರು ಬಂದು ಅವನ್ನು ಒಯ್ಯುತ್ತಾರೆ. ಆ ಹೊತ್ತಿನಲ್ಲಿ ಬಾಗಿಲು ಮುಚ್ಚಿದ್ದರೆ ಅಷ್ಟು ಜನರ ಓದು ನಿಂತುಹೋಗುತ್ತಿತ್ತು. ಪಕ್ಕದ ಟೀ ಅಂಗಡಿಯವರ ಬಳಿ ಇಟ್ಟುಹೋಗುವ ಹಾಗೂ ಇರಲಿಲ್ಲ. ಹಿಂದೊಮ್ಮೆ ಇಟ್ಟಿದ್ದಾಗ ನೀಲಿ ನೂಲಿನ ಪಾಲೊಂದು ಬಿಸಿ ಪಾತ್ರೆಯ ಅಡಿಯಲ್ಲಿ ಸಿಕ್ಕಿತ್ತು.

ಅದೇ ದಿನ ಅಪ್ಪ ಬೆಳಗಾಗುವ ಮೊದಲೇ ಪೇಟೆಗೆ ಹೊರಡಬೇಕಾಯಿತು. ಅಲ್ಲೊಂದು ಕಾಲೇಜಿನ ಹಳೆಯ ಪುಸ್ತಕಗಳು ಮಾರಾಟಕ್ಕೆ ಬಂದಿದ್ದವು. ನನಗೆ ಬೆಳಗಿನ ಶಾಲೆ. ಶಾಲೆ ಬಿಡುವವರೆಗೆ ಅಕ್ಕ ಅಂಗಡಿಯಲ್ಲಿ ಕೂತು ಓದಿಕೊಳ್ಳುವುದು, ನಾನು ಓಡಿ ಬಂದು ಅವಳನ್ನು ಬಿಡಿಸುವುದು, ಅವಳು ಹನ್ನೆರಡರ ಬಸ್ಸು ಹಿಡಿಯುವುದು. ಹೀಗೆ ಮಾತಾಗಿತ್ತು.

ಹೊರಡುವ ಮುಂಚೆ ಅಪ್ಪ ಅಕ್ಕನ ಅಂಗೈಗೆ ಮೊಸರು ಸಕ್ಕರೆ ಹಾಕಿದ. ತನ್ನ ಕೈಗಡಿಯಾರ ಬಿಚ್ಚಿ ಅವಳಿಗೆ ಕಟ್ಟಿದ. ಪಟ್ಟಿ ಸಡಿಲವಾದದ್ದಕ್ಕೆ ಬೈಂಡಿಂಗ್ ನೂಲು ಸುತ್ತಿ ಬಿಗಿ ಮಾಡಿದ. ನಾನೂ ಅಂಗೈ ಚಾಚಿದೆ. ಬಟ್ಟಲಲ್ಲಿ ಉಳಿದದ್ದನ್ನು ನನಗೆ ಹಾಕುತ್ತ ಅಪ್ಪ ಹೇಳಿದ: "ಲೇ, ಸ್ಕೂಲ್ ಬಿಟ್ಟೇಟ್ಗೆ ಓಡ್ಬರ್ಬೇಕು. ನೀನೆಂಗೂ ಓದಾಕಿಲ್ಲ, ಅಂಗ್ಡೀಲಿ ಕುಂತಾದ್ರೂ ಪುಣ್ಯ ಕಟ್ಕೋ."

ಅಕ್ಕ ನಕ್ಕಳು. ಭಯದಲ್ಲಿದ್ದವಳಿಗೆ ನಗಲು ಏನಾದರೊಂದು ಬೇಕಿತ್ತು ಎಂದು ಈಗ ಅನಿಸುತ್ತದೆ. ಅವತ್ತು ಆ ನಗು ನನಗೆ ಮುಳ್ಳಿನ ಹಾಗೆ ನಾಟಿತು.

ಶಾಲೆ ಹೊತ್ತಿಗೆ ಸರಿಯಾಗಿಯೇ ಬಿಟ್ಟಿತು. ನಾನು ಚೀಲ ಹೆಗಲಿಗೇರಿಸಿ ಓಡಿದೆ. ತುಮಕೂರು ರಸ್ತೆಗೆ ಬರುತ್ತಲೇ ಜನ ಗುಂಪುಗೂಡಿದ್ದು ಕಾಣಿಸಿತು. ಮನೆಗಿಂತ ದೊಡ್ಡದಾದ ಒಂದು ಬಾಯ್ಲರು ಉದ್ದನೆಯ ಲಾರಿಯ ಮೇಲೆ ಮಲಗಿಕೊಂಡು ಪೀಣ್ಯದ ಕಡೆ ತೆವಳುತ್ತಿತ್ತು. ಅಂಥದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮುಂದೆ ನಡೆಯುತ್ತಿದ್ದ ಇಬ್ಬರು ಉದ್ದನೆಯ ಬಿದಿರು ಕೋಲುಗಳನ್ನು ಎತ್ತಿ ಕರೆಂಟು ತಂತಿಗಳನ್ನು ಮೇಲಕ್ಕೆ ಸರಿಸಿ ದಾರಿ ಬಿಡಿಸುತ್ತಿದ್ದರು. ಕಾದ ಟಾರು, ಡೀಸೆಲ್ ಹೊಗೆ, ಬೆವರು, ಎಲ್ಲ ಕಲಸಿದ ವಾಸನೆ. ಬರಿಗಾಲಿಗೆ ರಸ್ತೆ ನಡುಗುವುದು ತಿಳಿಯುತ್ತಿತ್ತು.

"ಬಾರ್ಲಾ, ಚಕ್ರ ಎಣ್ಸಾಣ" ಎಂದು ನನ್ನ ತರಗತಿಯ ಹುಡುಗನೊಬ್ಬ ಕೈ ಹಿಡಿದು ಎಳೆದ.

ಎಣಿಸಲು ಶುರು ಮಾಡಿದೆವು. ಅವನು ಮುಂದಿನಿಂದ, ನಾನು ಹಿಂದಿನಿಂದ. ಲೆಕ್ಕ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ. ಇದನ್ನು ಕೇಳಿ ನೀವು, ಪಾಪ, ಚಿಕ್ಕ ಹುಡುಗ, ಆಟದಲ್ಲಿ ಮರೆತುಬಿಟ್ಟ ಎಂದುಕೊಳ್ಳಬಹುದು. ನಾನು ಮರೆತಿರಲಿಲ್ಲ. ಬಾಯಿ ಚಕ್ರ ಎಣಿಸುತ್ತಿದ್ದರೂ ಒಳಗೆ ಅಕ್ಕನ ಮುಖವೇ ಇತ್ತು. ಕಾಯಲಿ ಸ್ವಲ್ಪ, ನಾನಿಲ್ಲದೆ ಅವಳ ಪರೀಕ್ಷೆಯೂ ಇಲ್ಲ ಅಂತ ಗೊತ್ತಾಗಲಿ, ಎಂದು ಅಂದುಕೊಂಡೆ. ಹಾಗೆ ಅಂದುಕೊಂಡಾಗ ಒಂಥರಾ ಖುಷಿಯಾಯಿತು.

ಆಗ ಎದುರಿನಿಂದ, ಅಂಗಡಿಯ ಸ್ಟಾಪು ದಾಟಿ ಪೇಟೆಯ ಕಡೆ ಹೋಗುವ ಬಸ್ಸು ಬಂತು. ಲಾರಿ ರಸ್ತೆಯನ್ನೆಲ್ಲ ತುಂಬಿಕೊಂಡಿದ್ದರಿಂದ ಬಸ್ಸು ಪಕ್ಕದ ಮಣ್ಣಿಗೆ ಇಳಿದು, ವಾಲಿಕೊಂಡು, ಕೆಂಧೂಳೆಬ್ಬಿಸಿ ದಾಟಿತು. ಅದು ಹನ್ನೆರಡರ ಬಸ್ಸು. ಒಂದೊಂದು ಕಿಟಕಿಯಲ್ಲೂ ಅಕ್ಕನನ್ನು ಹುಡುಕಿದೆ. ಅವಳಿರಲಿಲ್ಲ. ಅದಾದ ಮೇಲೆ ಇನ್ನೂ ಒಂದು ಬಸ್ಸಿತ್ತು, ಆಗಲೂ ಓಡಿದ್ದರೆ ಸಾಕಿತ್ತು. ನನ್ನ ಕಾಲು ಲಾರಿಯ ಹಿಂದೆಯೇ ನಡೆಯಿತು. ಎಷ್ಟೋ ವರ್ಷ ನಾನು, ಅವತ್ತು ರಸ್ತೆ ಕಟ್ಟಿತ್ತಲ್ಲ, ನಾನು ಹೋಗಿದ್ದರೂ ಅಕ್ಕನಿಗೆ ಬಸ್ಸು ಸಿಗುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆಗೆಲ್ಲ ಆ ಬಸ್ಸು ಧೂಳೆಬ್ಬಿಸಿಕೊಂಡು ನನ್ನ ಕಣ್ಣ ಮುಂದೆ ಹಾದುಹೋಗುತ್ತಿತ್ತು.

ಕಾರ್ಖಾನೆಯ ಗೇಟಿನಲ್ಲಿ ಲಾರಿ ತಿರುಗಲಾರದೆ ಸಿಕ್ಕಿಕೊಂಡಿತು. ಹಿಂದೆ, ಮುಂದೆ, ಮತ್ತೆ ಹಿಂದೆ. ನಾವು ಗೋಡೆ ಹತ್ತಿ ಕೂತು ನೋಡಿದೆವು. ಹಾಗೆ ನೋಡುತ್ತಿರುವಾಗಲೇ ಎರಡು ಗಂಟೆಯ ಸೈರನ್ ಕೂಗಿತು. ಒಂದು ಕಾರ್ಖಾನೆಯದು ನಿಲ್ಲುತ್ತಲೇ ಇನ್ನೊಂದು, ಅದರ ಹಿಂದೆ ಮತ್ತೊಂದು. ಗೋಡೆಯಿಂದ ಹಾರಿ ಓಡಿದೆ.

ಅಂಗಡಿಯ ಮುಂದೆ ಜನವೋ ಜನ. ನಡುವೆ ಅಕ್ಕ. ಪರೀಕ್ಷೆಗೆಂದು ಉಟ್ಟಿದ್ದ ಇಸ್ತ್ರಿಯ ಲಂಗ ದಾವಣಿ, ಎರಡು ಜಡೆ, ಕೈಯಲ್ಲಿ ಅಪ್ಪನ ಗಡಿಯಾರ. "ಹಳದಿ ಯಾರಿಗೆ? ಮುಂದೆ ಬನ್ನಿ. ಅಣ್ಣಾ, ನೀವು ನೀಲಿ ವಾಪಸ್ ಕೊಡಲಿಲ್ಲ" ಎಂದು ಒಬ್ಬೊಬ್ಬರನ್ನೇ ಕರೆದು ಪಾಲು ಕೊಡುತ್ತಿದ್ದಳು. ದನಿ ನಡುಗುತ್ತಿರಲಿಲ್ಲ. ನನ್ನನ್ನು ಕಂಡಾಗ ಮಾತ್ರ ಕೈಯಲ್ಲಿದ್ದ ಪಾಲನ್ನು ಕೆಳಗಿಟ್ಟಳು.

"ಎಲ್ಲೋ ಹೋಗಿದ್ದೆ?"

"ಮೇಷ್ಟ್ರು ಕೂರಿಸ್ಕೊಂಡಿದ್ರು. ಮಗ್ಗಿ ತಪ್ಪಿದ್ದಕ್ಕೆ."

ಹೊಸ ಸುಳ್ಳಾಗಿದ್ದರೆ ಸಿಕ್ಕಿಬೀಳುತ್ತಿದ್ದೆನೋ ಏನೋ. ಮಗ್ಗಿ ತಪ್ಪಿ ಕೂರುವುದು ನನ್ನ ದಿನನಿತ್ಯದ ಪಾಡಾಗಿತ್ತು. ಅವಳು ತಲೆಯಾಡಿಸಿ, "ಹಸಿರು ಆ ಕಡೆ ಜೋಡ್ಸು" ಎಂದಳು. ನಾನು ಜೋಡಿಸಿದೆ.

ನಾನಿಲ್ಲದಾಗ ನಡೆದದ್ದು ಸಂಜೆ ಅಪ್ಪ ಬಂದ ಮೇಲೆ ಗೊತ್ತಾಯಿತು. ಹುಬ್ಬಳ್ಳಿ ಕಡೆಯ ಕೆಲಸಗಾರರೊಬ್ಬರು ಅಪ್ಪನಿಗೆ ಹೇಳಲೆಂದೇ ಕಾದು ಕೂತಿದ್ದರು. "ಬಾಗಲಾ ಹಾಕ್ಕೊಂಡು ಹೋಗ ತಂಗಿ, ನಮ್ಮ ಪರೀಕ್ಷಾ ಮುಂದಿನ ವರ್ಷ ಬರದ್ರಾತು ಅಂತ ನಾ ಎಷ್ಟು ಹೇಳಿದೆರೀ. ಕೇಳವಲ್ಲಳು. ನಿಮ್ಮೊಬ್ರುದಲ್ಲಣ್ಣ, ಎಷ್ಟೋ ಜನರದ್ದು ಅಂದ್ಲು. ತಮ್ಮ ಬರ್ತಾನ, ಬಂದ ಬರ್ತಾನ ಅಂತ ರಸ್ತಾ ನೋಡಕೋತ ನಿಂತಬಿಟ್ಲರೀ."

ಅಪ್ಪ ತಾನು ತಂದಿದ್ದ ಪುಸ್ತಕಗಳ ಮೂಟೆಯ ಮೇಲೆ ಕುಳಿತ. "ಮೇಷ್ಟ್ರುನ್ನ ಕೇಳಾಕಾಯ್ತದಾ" ಎಂದ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಆ ಕಾಲದಲ್ಲಿ ಯಾವ ಅಪ್ಪನೂ ಶಾಲೆಗೆ ಹೋಗಿ ಮೇಷ್ಟರನ್ನು ಯಾಕೆ ಎಂದು ಕೇಳುತ್ತಿರಲಿಲ್ಲ. ಅವರ ಮೇಲಿನ ಆ ಗೌರವವೇ ನನ್ನ ಸುಳ್ಳನ್ನು ಕಾಪಾಡಿತು. ಅಕ್ಕ ಮೂಲೆಯಲ್ಲಿ ಕೂತು ಕೈಗಡಿಯಾರಕ್ಕೆ ಸುತ್ತಿದ್ದ ನೂಲು ಬಿಚ್ಚುತ್ತಿದ್ದಳು. ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಕಡಿದಳು.

ಆ ವರ್ಷದ ಸೀಟು ತಪ್ಪಿತು. ಮರುವರ್ಷ ಅವಳು ಆ ಪರೀಕ್ಷೆ ಬರೆದು ಪಾಸಾದಳು, ಒಳ್ಳೆಯ ಅಂಕವೇ ಬಂತು. ಅಷ್ಟರಲ್ಲಿ ಅಪ್ಪನ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ಅಕ್ಕ ಅಂಗಡಿಯಲ್ಲೇ ಕೂತಳು. ನಾನು ಏಳನೆಯ ತರಗತಿಯ ನಡುವೆ ಶಾಲೆ ಬಿಟ್ಟು ಪೇಂಟಿಂಗ್ ಕೆಲಸಕ್ಕೆ ಸೇರಿದೆ, ಆಮೇಲೆ ಆಟೋ ಓಡಿಸಿದೆ.

ಅಂಗಡಿ ಬೆಳೆಯಿತು. ತಗಡು ಹೋಗಿ ತಾರಸಿ ಬಂತು. ದೂರದೂರದ ಕಾಲೇಜಿನ ಮೇಷ್ಟರುಗಳೂ, ಎಲ್ಲೂ ಸಿಗದ ಪುಸ್ತಕ ಇಲ್ಲಿ ಸಿಗುತ್ತದಂತೆ ಎಂದು ಹುಡುಕಿಕೊಂಡು ಬರತೊಡಗಿದರು. ಈಗ, ಹಿಂದೆ ಇಲ್ಲಿ ಓದಿ ಮೇಲೆ ಬಂದ ಕೆಲವರು ಸೇರಿ ಅಂಗಡಿಯ ಚರಿತ್ರೆಯನ್ನು ಒಂದು ಪುಸ್ತಕವಾಗಿ ಮಾಡುತ್ತಿದ್ದಾರೆ. ಹಳೆಯ ಫೋಟೊ ಹುಡುಕುವುದು, ಹಿರಿಯರನ್ನು ಕೂರಿಸಿ ಮಾತಾಡಿಸಿ ಫೋನಿನಲ್ಲಿ ತುಂಬಿಕೊಳ್ಳುವುದು ನನ್ನ ಮೊಮ್ಮಗಳು ಮತ್ತು ಮೊಮ್ಮಗನ ಕೆಲಸ. ಹೋದ ತಿಂಗಳು ಮೊಮ್ಮಗಳು, ಬರೆದಷ್ಟನ್ನು ನಮಗೆ ಓದಿ ಹೇಳುತ್ತಿದ್ದಳು. ಅದರಲ್ಲೊಂದು ಸಾಲು ಬಂತು: "ಅಂದು ಅವರು ಅಂಗಡಿಗಾಗಿ ತಮ್ಮ ಪರೀಕ್ಷೆಯನ್ನೇ ತ್ಯಾಗ ಮಾಡಿದರು."

ಅಕ್ಕ ಕನ್ನಡಕ ಒರೆಸುತ್ತ ಕೂತಿದ್ದಳು. ನಾನು ಸುಮ್ಮನಿದ್ದಿದ್ದರೆ ಅದು ಹಾಗೆಯೇ ಅಚ್ಚಾಗುತ್ತಿತ್ತು. ಮುಂದೆ ಓದುವವರಿಗೆಲ್ಲ ಅದೇ ನಿಜವಾಗುತ್ತಿತ್ತು. "ನಿಲ್ಸಮ್ಮ, ಅದು ಹಂಗಲ್ಲ" ಎಂದೆ. ಲಾರಿ, ಚಕ್ರ, ಬಸ್ಸು, ಎಲ್ಲ ಹೇಳಿದೆ.

ಅಕ್ಕ ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡಿದಳು. "ಅಂದ್ರೆ ಮೇಷ್ಟ್ರು ನಿನ್ನ ಕೂರಿಸ್ಕೊಂಡಿರ್ಲಿಲ್ವಾ?"

"ಇಲ್ಲಕ್ಕ."

"ಥೂ ನಿನ್ನ. ಆ ಮನುಷ್ಯ ಬದುಕಿರೋವರ್ಗೂ ಒಂದಿನ ಮುಖ ಕೊಟ್ಟು ಮಾತಾಡ್ಲಿಲ್ವಲ್ಲೋ ನಾನು. ಮಗಳಿಗೆ ಪುಸ್ತಕ ಬೇಕು ಅಂತ ಬಂದ್ರೆ ಬಿಸಿಲಲ್ಲಿ ನಿಲ್ಲಿಸ್ತಿದ್ದೆ. ಅವರು ಪಾಪ, ಯಾಕಮ್ಮ ಸಿಟ್ಟು ಅಂತ ಕೇಳೂ ಕೇಳಿದ್ರು."

ಮೊಮ್ಮಗ ಕಿಸಕ್ಕನೆ ನಕ್ಕ. ಅಕ್ಕ ಅವನ ಕಡೆ ತಿರುಗಿದಳು. ನಗು ನಿಂತಿತು.

ಆಮೇಲೆ ಅವಳು ನನ್ನ ಜೊತೆ ಮಾತು ಬಿಟ್ಟಳು. ನಾನು ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ, ಅವಳು ಗಿರಾಕಿಗಳ ಜೊತೆ ಮಾತಾಡುತ್ತಿದ್ದಳು. ಟೀ ಮಾತ್ರ ಬರುತ್ತಿತ್ತು, ಸಕ್ಕರೆ ಇಲ್ಲದ್ದು. ಕುಡಿಯುತ್ತಿದ್ದೆ. ಒಂದು ದಿನ ಅವಳೇ ಮೊಮ್ಮಗಳನ್ನು ಕರೆದು, ನನಗೆ ಕೇಳಿಸುವ ಹಾಗೆ ಹೇಳಿದಳು: "ಆ ತ್ಯಾಗ ಅನ್ನೋದನ್ನ ತೆಗಿ. ನಾನೇನೂ ತ್ಯಾಗ ಮಾಡ್ಲಿಲ್ಲ. ಇವನು ಬರ್ಲಿಲ್ಲ, ನಾನು ಕಾದೆ. ಅದನ್ನ ಇವನ ಕೈಲೇ ಬರೆಸು, ಮಕ್ಕಳೂ ಓದೋ ಹಂಗೆ. ಆಮೇಲೆ ಈ ಅಂಗಡಿ ಹೆಂಗೆ ಕಟ್ಟಿದೆ ಅನ್ನೋದು ಬೇರೆ. ಅದು ನಂದು. ಅದನ್ನ ನಾನೇ ಹೇಳ್ತೀನಿ."

"ಇನ್ನೂ ಬೇಜಾರಿದೆಯೇನಕ್ಕ?" ಎಂದು ಕೇಳಿದೆ.

"ಇದೆ. ಅದರ ಪಾಡಿಗೆ ಅದಿರ್ಲಿ. ನೀನು ಬರೆಯೋಕೆ ಕೂತ್ಕೋ."

ಹಾಗೆ ಕೂತು ಬರೆದದ್ದು ಇದು. ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ. ನಡೆದದ್ದನ್ನು ತಿದ್ದಿಲ್ಲ.

ಮಕ್ಕಳೇ, ನಿಮ್ಮ ಪೀಣ್ಯ ಬೇರೆ. ನೀಲಗಿರಿ ತೋಪಿದ್ದ ಕಡೆ ಈಗ ಸಾಲು ಸಾಲು ಗೋದಾಮು. ತುಮಕೂರು ರಸ್ತೆಯ ನೆತ್ತಿಯ ಮೇಲೆ ಮೇಲ್ಸೇತುವೆ, ಪಕ್ಕದಲ್ಲಿ ಮೆಟ್ರೊ. ಇಟ್ಟಿಗೆಯಂಥ ಪುಸ್ತಕಗಳು ಅಂಗೈಯಗಲದ ಫೋನಿನೊಳಗೆ ಕೂತಿವೆ, ಯಾರೂ ಯಾರಿಗಾಗಿಯೂ ಹೊಲಿಗೆ ಬಿಚ್ಚಬೇಕಿಲ್ಲ. ಮನೆಯವರು ಎಲ್ಲಿದ್ದಾರೆಂದು ಅದೇ ಫೋನಿನಲ್ಲಿ ಒಂದು ನೀಲಿ ಚುಕ್ಕಿ ತೋರಿಸುತ್ತದೆ. ಅವತ್ತು ಅಕ್ಕನ ಕೈಯಲ್ಲಿ ಅಂಥದ್ದೊಂದು ಇದ್ದಿದ್ದರೆ, ನಾನು ಎಲ್ಲಿದ್ದೇನೆಂದು ಅವಳಿಗೆ ಗೊತ್ತಾಗುತ್ತಿತ್ತು. ಅಷ್ಟೇ. ನಾನು ಬರುತ್ತಿರಲಿಲ್ಲ.

ಮೊನ್ನೆ ಮೊಮ್ಮಗಳಿಗೆ ಕಾಲೇಜಿನಲ್ಲಿ ಪರೀಕ್ಷೆ ಇತ್ತು. ಅಂಗಡಿ ನೋಡಿಕೊಳ್ಳುವ ಹುಡುಗ ರಜೆ, ಅಕ್ಕನಿಗೆ ಮಂಡಿ ನೋವು. ಮೊಮ್ಮಗಳು ಕೌಂಟರಿನಲ್ಲಿ ನಿಂತು ಬಾಗಿಲ ಕಡೆ ನೋಡುತ್ತಿದ್ದಳು. ಅವಳು ಫೋನೂ ಮಾಡಿರಲಿಲ್ಲ. ಹೇಳಿದ ಹೊತ್ತಿಗೆ ಮೊಮ್ಮಗ ಬ್ಯಾಟು ಹಿಡಿದುಕೊಂಡು, ಬೆವರು ಸುರಿಸುತ್ತ, ಬೈದುಕೊಳ್ಳುತ್ತಲೇ ಒಳಗೆ ಬಂದ.

"ಕರೆಕ್ಟಾಗಿ ನನ್ನ ಬ್ಯಾಟಿಂಗ್ ಟೈಮಿಗೇ ನಿನ್ ಎಕ್ಸಾಮ್ ಇಡ್ತಾರೆ ನೋಡು. ಹೋಗು, ಲೇಟಾಗುತ್ತೆ. ನಾನ್ ಕೂತ್ಕೋತೀನಿ."

ಅವಳು ಚೀಲ ಎತ್ತಿಕೊಂಡು ಓಡಿದಳು. ಅಕ್ಕ ಮಂಡಿ ಹಿಡಿದುಕೊಂಡು ಕುರ್ಚಿಯಿಂದ ಎದ್ದು ಬಾಗಿಲಿಗೆ ಬಂದಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಹುಡುಗಿ ರಸ್ತೆ ದಾಟಿ, ಮೆಟ್ರೊ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಕಣ್ಮರೆಯಾಗುವವರೆಗೂ ನಾವಿಬ್ಬರೂ ನೋಡುತ್ತ ನಿಂತಿದ್ದೆವು.